ಬದಲಾವಣೆಯ ಪಾಠ ಎಷ್ಟನೆಯ ವಾರ? ಫಂಕ್ಷನಲ್ ಪ್ರೋಗ್ರಾಮಿಂಗ್ ಕೋರ್ಸೊಂದರ ನಾಲ್ಕು ದಶಕ



ಸಭೆಯಲ್ಲಿರುವ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಪ್ರೋಗ್ರಾಮಿಂಗನ್ನು ಸಿ ಭಾಷೆಯಿಂದಲೋ ಪೈಥಾನಿನಿಂದಲೋ ಶುರುಮಾಡಿದವರು. ಮೊದಲ ಎರಡು ಮೂರು ತರಗತಿಗಳೊಳಗೇ ಬೋರ್ಡಿನ ಮೇಲೆ ಒಂದು ಸಾಲು ಬಂದಿರುತ್ತದೆ: ಎಕ್ಸ್ = ಎಕ್ಸ್ + 1. ಹೈಸ್ಕೂಲಿನ ಬೀಜಗಣಿತದಲ್ಲಿ ಇದನ್ನು ಬರೆದಿದ್ದರೆ ಮೇಷ್ಟ್ರು ಕೆಂಪು ಮಸಿಯಲ್ಲಿ ಗೀಚುತ್ತಿದ್ದರು. ಕಂಪ್ಯೂಟರ್ ಲ್ಯಾಬಿನಲ್ಲಿ ಮಾತ್ರ ಅದು ಸರಿ. ಎಕ್ಸ್ ಎಂಬ ಹೆಸರಿನ ಡಬ್ಬಿಯಲ್ಲಿದ್ದ ಹಳೆಯ ಬೆಲೆ ತೆಗೆದು ಹೊಸದನ್ನು ಹಾಕು ಎಂಬುದು ಅದರ ಅರ್ಥ. ಈ ಕ್ರಿಯೆಗೆ ಅಸೈನ್‌ಮೆಂಟ್ ಎಂದು ಹೆಸರು. ಸೋಮವಾರ ತಂದೊಪ್ಪಿಸಬೇಕಾದ ಅಸೈನ್‌ಮೆಂಟ್ ಬೇರೆ. ಬೆಲೆ ಬದಲಿಸುವ ಈ ಅಸೈನ್‌ಮೆಂಟನ್ನು ವಿದ್ಯಾರ್ಥಿಗಳು ಒಂದೇ ದಿನದಲ್ಲಿ ಒಪ್ಪಿಕೊಂಡುಬಿಡುತ್ತಾರೆ. ಎಕ್ಸ್ ಬದಲಾಗದೆಯೂ ಪ್ರೋಗ್ರಾಂ ಬರೆಯಬಹುದೇ ಎಂದು ಕೇಳುವ ಸಂದರ್ಭ ಬಹಳ ಮಂದಿಗೆ ಬರುವುದೇ ಇಲ್ಲ.

ಬರೆಯಬಹುದು. ಹಾಗೆ ಬರೆಯುವ ಶೈಲಿಯೇ ಫಂಕ್ಷನಲ್ ಪ್ರೋಗ್ರಾಮಿಂಗ್. ಗಣಿತದ ಫಂಕ್ಷನ್‌ಗಳಂತೆ ಇಲ್ಲಿಯೂ ಒಂದೇ ಬೆಲೆ ಕೊಟ್ಟರೆ ಪ್ರತಿ ಸಲವೂ ಒಂದೇ ಉತ್ತರ. ಫಂಕ್ಷನ್‌ಗಳನ್ನು ಜೋಡಿಸಿ ದೊಡ್ಡ ಫಂಕ್ಷನ್ ಕಟ್ಟಬಹುದು, ಒಂದನ್ನು ಇನ್ನೊಂದರ ಕೈಗೆ ಒಪ್ಪಿಸಬಹುದು.

ಇಂದಿನ ಉಪನ್ಯಾಸದ ವಸ್ತು ಆ ಶೈಲಿಗಿಂತ ಹೆಚ್ಚಾಗಿ ಅದನ್ನು ಕಲಿಸುವ ಪಾಠದ ಚರಿತ್ರೆ. ಮುಖ್ಯ ನಿದರ್ಶನ ಅಮೆರಿಕದ ಎಂಐಟಿಯಲ್ಲಿ 6.001 ಎಂಬ ಸಂಖ್ಯೆಯಿಂದ ಪ್ರಸಿದ್ಧವಾದ ಕೋರ್ಸು. ಅದರ ಹುಟ್ಟು ಮೊದಲ ಭಾಗ. ಬ್ರಿಟನ್ನಿನ ಕಡೆಯಿಂದ ಅದಕ್ಕೆ ಬಂದ ಆಕ್ಷೇಪ ಎರಡನೆಯದು. ಹೊಸಬರಿಗಾಗಿ ಅದನ್ನು ತಿದ್ದಿದವರ ಪ್ರಯತ್ನ ಮೂರನೆಯದು. ಅದು ತನ್ನ ಮನೆಯಲ್ಲೇ ಮುಚ್ಚಿಹೋದದ್ದು, ಹೊರಗೆ ಉಳಿದದ್ದು ಕೊನೆಯದು. ಈ ನಾಲ್ಕನ್ನೂ ಹೊಲಿಯುವ ದಾರ ಒಂದೇ ಪ್ರಶ್ನೆ: ಹೆಸರಿನ ಹಿಂದಿರುವ ಬೆಲೆ ಬದಲಾಗಬಲ್ಲದು ಎಂಬುದನ್ನು ವಿದ್ಯಾರ್ಥಿಗೆ ಯಾವ ವಾರ ಹೇಳಬೇಕು? ಕಲಿಸುವ ಭಾಷೆ ಯಾವುದಿರಬೇಕೆಂದು ಅಧ್ಯಾಪಕರು ದಶಕಗಳ ಕಾಲ ಜಗಳವಾಡಿದ್ದಾರೆ. ಆ ಜಗಳಗಳನ್ನು ಹತ್ತಿರದಿಂದ ನೋಡಿದರೆ ಹೆಚ್ಚಿನವು ಈ ವಾರದ ಲೆಕ್ಕದ ಜಗಳಗಳೇ. ಮದುವೆಮನೆಯ ಎಲೆಯಲ್ಲಿ ಕೋಸಂಬರಿ ಯಾವಾಗ, ಮಜ್ಜಿಗೆ ಯಾವಾಗ ಎಂಬುದರಲ್ಲಿ ಯಾರಿಗೂ ಗೊಂದಲವಿಲ್ಲ. ಪಠ್ಯಕ್ರಮಕ್ಕೆ ಅಂಥ ಒಪ್ಪಿತ ಸಾಲು ಇನ್ನೂ ಬಂದಿಲ್ಲ.

ಮೊದಲು ವಂಶಾವಳಿ, ಚುಟುಕಾಗಿ. 1930ರ ದಶಕದಲ್ಲಿ ಅಲೋಂಜೊ ಚರ್ಚ್ ಎಂಬ ತರ್ಕಶಾಸ್ತ್ರಜ್ಞರು ಲ್ಯಾಂಬ್ಡಾ ಕ್ಯಾಲ್ಕುಲಸ್ ಎಂಬ ಪದ್ಧತಿ ರೂಪಿಸಿದರು. ಅದರಲ್ಲಿ ಫಂಕ್ಷನ್‌ಗಳನ್ನು ಬಿಟ್ಟು ಬೇರೇನೂ ಇಲ್ಲ. ಅಂಕಿಗಳನ್ನೂ ಫಂಕ್ಷನ್‌ಗಳಿಂದಲೇ ಕಟ್ಟಬೇಕು. 1958ರಲ್ಲಿ ಎಂಐಟಿಯಲ್ಲಿ ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಯ ಕೆಲಸ ಶುರುಮಾಡಿದರು. 1960ರ ಅವರ ಪ್ರಬಂಧದಲ್ಲಿ ಲಿಸ್ಪಿನಲ್ಲೇ ಲಿಸ್ಪನ್ನು ವಿವರಿಸುವ ಒಂದು ಪುಟ್ಟ ಫಂಕ್ಷನ್ ಇತ್ತು. ಮೆಕಾರ್ಥಿಯವರ ಪಾಲಿಗೆ ಅದು ಕಾಗದದ ಮೇಲಿನ ಸಿದ್ಧಾಂತ. ಸ್ಟೀವ್ ರಸೆಲ್ ಎಂಬ ಯುವಕ ಅದನ್ನು ಐಬಿಎಂ 704 ಯಂತ್ರಕ್ಕೆ ಅಳವಡಿಸಿಬಿಟ್ಟ. ಅಲ್ಲಿಂದ ಮುಂದೆ ಲಿಸ್ಪ್ ಓಡುವ ಭಾಷೆಯಾಯಿತು.

1960ರ ದಶಕದ ಕೊನೆಗೆ ಎಂಐಟಿಯಲ್ಲಿ 6.231 ಎಂಬ ಕೋರ್ಸನ್ನು ಜ್ಯಾಕ್ ವೋಜನ್‌ಕ್ರಾಫ್ಟ್ ಮತ್ತು ಆರ್ಥರ್ ಇವಾನ್ಸ್ ಕಲಿಸುತ್ತಿದ್ದರು. ಲ್ಯಾಂಬ್ಡಾ ಕ್ಯಾಲ್ಕುಲಸ್ಸಿನ ಬೆಳಕಿನಲ್ಲಿ ಪ್ರೋಗ್ರಾಮಿಂಗ್ ಭಾಷೆಗಳನ್ನು ನೋಡುವ ಪಾಠ ಅದು. ಪಾಲ್ ಎಂಬ ಬೋಧನೆಯ ಭಾಷೆಯೊಂದನ್ನೂ ಬಳಸುತ್ತಿತ್ತು. 6.001ರ ಕರ್ತೃಗಳು ತಮ್ಮ ಕೋರ್ಸು ಇದರ ನೇರ ಸಂತಾನವೆಂದು ಪುಸ್ತಕದಲ್ಲೇ ಋಣ ಒಪ್ಪಿಕೊಂಡಿದ್ದಾರೆ.

ಇನ್ನೊಂದು ಎಳೆ 1975ರದು. ಕಾರ್ಲ್ ಹೆವಿಟ್ ಆಗ ಆಕ್ಟರ್ ಎಂಬ ಹೊಸ ಲೆಕ್ಕಾಚಾರದ ಮಾದರಿಯೊಂದನ್ನು ಮಂಡಿಸುತ್ತಿದ್ದರು. ಅದು ಪೂರ್ತಿ ಅರ್ಥವಾಗದೆ ಜೆರಾಲ್ಡ್ ಸಸ್ಮನ್ ಮತ್ತು ಗೈ ಸ್ಟೀಲ್ ಒಂದು ಪುಟ್ಟ ಲಿಸ್ಪ್ ಇಂಟರ್‌ಪ್ರಿಟರ್ ಬರೆದು, ಅದರೊಳಗೆ ಫಂಕ್ಷನ್‌ಗೆ ಒಂದು ಭಾಗ, ಆಕ್ಟರಿಗೆ ಒಂದು ಭಾಗ ಇಟ್ಟು ನೋಡಿದರು. ಓಡಿಸಿ ತಿದ್ದುತ್ತ ಹೋದಾಗ ಎರಡೂ ಭಾಗಗಳ ಕೋಡು ಒಂದೇ ಆಗಿತ್ತು. ಆ ಆಟಿಕೆಯೇ ಸ್ಕೀಮ್ ಭಾಷೆ. ಹೆಸರು ಸ್ಕೀಮರ್ ಎಂದಿರಬೇಕಿತ್ತು. ಅವರ ಯಂತ್ರದಲ್ಲಿ ಫೈಲಿನ ಹೆಸರಿಗೆ ಆರೇ ಅಕ್ಷರ ಹಿಡಿಸುತ್ತಿದ್ದರಿಂದ ಕೊನೆಯದು ಉದುರಿಹೋಯಿತು.

ಈಗ ಕೋರ್ಸಿನ ಒಳಗೆ ಹೋಗೋಣ. ಹೆರಾಲ್ಡ್ ಏಬಲ್‌ಸನ್ ಮತ್ತು ಸಸ್ಮನ್ 1978ರಿಂದ ಇದನ್ನು ರೂಪಿಸುತ್ತಿದ್ದರು. 1980ರಿಂದ ಸ್ಥಿರ ರೂಪ ಬಂತು. ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಅಥವಾ ಕಂಪ್ಯೂಟರ್ ವಿಜ್ಞಾನ ಓದುವ ಪ್ರತಿಯೊಬ್ಬರಿಗೂ ಕಡ್ಡಾಯ, ವರ್ಷಕ್ಕೆ 600ರಿಂದ 700 ವಿದ್ಯಾರ್ಥಿಗಳು. ವಿಭಾಗದ ಬುನಾದಿಯಲ್ಲಿ ನಾಲ್ಕೇ ಕೋರ್ಸು: ಎರಡು ಸರ್ಕಿಟ್ ಮತ್ತು ಸಿಸ್ಟಮ್‌ಗಳವು, ಒಂದು ಡಿಜಿಟಲ್ ವಿನ್ಯಾಸದ್ದು, ನಾಲ್ಕನೆಯದು ಇದು. ಆಯ್ದ ಕೆಲವರಿಗೆ ಹೇಳುವ ಗಹನ ವಿಷಯವೆಂದು ಇದನ್ನು ಬದಿಗಿಡಲಿಲ್ಲ. ಟ್ರಾನ್ಸಿಸ್ಟರು ಕಲಿಯಲು ಬಂದವನೂ ಇದನ್ನು ದಾಟಿಯೇ ಹೋಗಬೇಕಿತ್ತು. 1985ರಲ್ಲಿ ಜೂಲಿ ಸಸ್ಮನ್ ಅವರೂ ಸೇರಿ ಪಾಠವನ್ನು ಪುಸ್ತಕವಾಗಿಸಿದರು. ಸ್ಟ್ರಕ್ಚರ್ ಅಂಡ್ ಇಂಟರ್‌ಪ್ರಿಟೇಶನ್ ಆಫ್ ಕಂಪ್ಯೂಟರ್ ಪ್ರೋಗ್ರಾಮ್ಸ್ ಎಂಬ ಉದ್ದ ಹೆಸರನ್ನು ಎಲ್ಲರೂ ಸಿಕ್‌ಪಿ ಎಂದು ಕುಗ್ಗಿಸಿಕೊಂಡರು. ಮುಖಪುಟದ ಮಾಂತ್ರಿಕನ ಚಿತ್ರದಿಂದಾಗಿ ಮಾಂತ್ರಿಕರ ಪುಸ್ತಕವೆಂಬ ಅಡ್ಡಹೆಸರೂ ಬಿತ್ತು. 1996ರಲ್ಲಿ ಎರಡನೆಯ ಆವೃತ್ತಿ ಬಂತು.

ಮೊದಲ ಅಧ್ಯಾಯದ ಒಂದು ಉದಾಹರಣೆ ಸಾಕು. ಎ ಇಂದ ಬಿ ವರೆಗಿನ ಪೂರ್ಣಾಂಕಗಳನ್ನು ಕೂಡುವ ಫಂಕ್ಷನ್ ಬರೆಯಿರಿ. ಇನ್ನೊಂದು, ಅದೇ ಅಂಕಿಗಳ ಘನಗಳನ್ನು ಕೂಡಲಿ. ಮೂರನೆಯದು, ಪೈ ಬೆಲೆಯತ್ತ ಸಾಗುವ ಶ್ರೇಣಿಯೊಂದನ್ನು ಕೂಡಲಿ. ಮೂರರ ಎಲುಬುಗೂಡೂ ಒಂದೇ. ಬೇರೆಯಾಗಿರುವುದು ಎರಡು: ಪ್ರತಿ ಪದವನ್ನು ಹೇಗೆ ಲೆಕ್ಕ ಹಾಕುವುದು, ಮುಂದಿನ ಪದಕ್ಕೆ ಹೇಗೆ ಹೋಗುವುದು. ಆ ಎರಡನ್ನೂ ಫಂಕ್ಷನ್‌ಗಳಾಗಿ ಹೊರಗಿನಿಂದ ಕೊಟ್ಟರೆ ಮೊತ್ತ ಎಂಬ ಒಂದೇ ಫಂಕ್ಷನ್ ಮೂರೂ ಕೆಲಸ ಮಾಡುತ್ತದೆ. ಗಣಿತದವರು ಸಿಗ್ಮಾ ಚಿಹ್ನೆಯಿಂದ ಹೇಳಿದ್ದನ್ನು ಹೊಸಬ ತನ್ನ ಕೈಯಾರೆ ಬರೆದಿರುತ್ತಾನೆ, ಅದೂ ಮೊದಲ ವಾರಗಳಲ್ಲೇ. ಸ್ಕೀಮಿನ ವ್ಯಾಕರಣವನ್ನು ಪ್ರತ್ಯೇಕವಾಗಿ ಕಲಿಸುತ್ತಲೇ ಇರಲಿಲ್ಲ. ಆವರಣ ಚಿಹ್ನೆ ತೆರೆ, ಕ್ರಿಯೆಯ ಹೆಸರು ಬರೆ, ಬೇಕಾದ್ದನ್ನು ಕೊಡು, ಮುಚ್ಚು. ಉಳಿದದ್ದು ಬಳಸುತ್ತ ಬಳಸುತ್ತ ನಾಲ್ಕಾರು ದಿನದಲ್ಲಿ ಬರುತ್ತಿತ್ತು.

ಇಷ್ಟರಲ್ಲಿ ಎಲ್ಲೂ ಎಕ್ಸ್ ಬದಲಾಗಿಲ್ಲ. ಎರಡನೆಯ ಆವೃತ್ತಿಯಲ್ಲಿ ಇನ್ನೂರಕ್ಕೂ ಹೆಚ್ಚು ಪುಟ ದಾಟಿ ಮೂರನೆಯ ಅಧ್ಯಾಯಕ್ಕೆ ಬಂದ ಮೇಲೆಯೇ ಅಸೈನ್‌ಮೆಂಟಿನ ಪ್ರವೇಶ. ಅಷ್ಟರೊಳಗೆ ವಿದ್ಯಾರ್ಥಿ ಬೀಜಗಣಿತದ ಅವಕಲನ ಮಾಡುವ ಪ್ರೋಗ್ರಾಂ ಬರೆದಿರುತ್ತಾನೆ, ಹಫ್‌ಮನ್ ಸಂಕೇತಗಳ ಮರ ಕಟ್ಟಿರುತ್ತಾನೆ, ಚಿತ್ರಗಳ ಒಳಗೆ ಚಿತ್ರ ಜೋಡಿಸಿರುತ್ತಾನೆ. ಡಬ್ಬಿಯ ಬೆಲೆ ಬದಲಿಸದೆ ಎಷ್ಟು ದೂರ ಹೋಗಬಹುದೆಂಬುದು ಅವನಿಗೆ ಅನುಭವದಿಂದ ಗೊತ್ತು.

ಆಮೇಲೆ ಬರುತ್ತದೆ ಬ್ಯಾಂಕ್ ಖಾತೆ. ನೂರು ಡಾಲರ್ ಇದೆ. ಇಪ್ಪತ್ತೈದು ತೆಗೆದರೆ ಎಪ್ಪತ್ತೈದು. ಮತ್ತೆ ಅದೇ ಇಪ್ಪತ್ತೈದು ತೆಗೆದರೆ ಐವತ್ತು. ಒಂದೇ ಫಂಕ್ಷನ್‌ಗೆ ಒಂದೇ ಬೆಲೆ ಕೊಟ್ಟು ಎರಡು ಉತ್ತರ ಪಡೆದದ್ದಾಯಿತು. ಇಲ್ಲಿಯವರೆಗೆ ಪಾಠ ಹೇಳಿಕೊಂಡು ಬಂದ ವಿವರಣೆ, ಅಂದರೆ ಹೆಸರಿದ್ದಲ್ಲಿ ಅದರ ಬೆಲೆ ಇಟ್ಟು ಸಂಕ್ಷೇಪಿಸುತ್ತ ಹೋಗು ಎಂಬ ಸರಳ ನಿಯಮ, ಈ ಗಳಿಗೆಯಲ್ಲಿ ಕುಸಿಯುತ್ತದೆ. ಪುಸ್ತಕ ಅದನ್ನು ಮುಚ್ಚಿಡದೆ, ಅಸೈನ್‌ಮೆಂಟಿಗೆ ತೆರಬೇಕಾದ ಬೆಲೆ ಎಂಬರ್ಥದ ಶೀರ್ಷಿಕೆ ಕೊಟ್ಟು ಒಂದು ಉಪಭಾಗವನ್ನೇ ಮೀಸಲಿಟ್ಟಿದೆ. ಪೀಟರ್ ಮತ್ತು ಪಾಲ್ ಎಂಬಿಬ್ಬರ ಹತ್ತಿರ ತಲಾ ನೂರು ಡಾಲರಿನ ಖಾತೆಗಳಿವೆ ಎನ್ನಿ. ಅವು ಎರಡು ಖಾತೆಗಳೋ, ಇಬ್ಬರ ಹೆಸರಿನ ಒಂದು ಜಂಟಿ ಖಾತೆಯೋ? ಏನೂ ಬದಲಾಗದ ಲೋಕದಲ್ಲಿ ಈ ಪ್ರಶ್ನೆಗೆ ಅರ್ಥವೇ ಇಲ್ಲ; ನೂರು ಎಂದರೆ ನೂರು. ಒಬ್ಬ ಹಣ ತೆಗೆದ ಕೂಡಲೇ ಎಲ್ಲವೂ ಆ ಪ್ರಶ್ನೆಯ ಮೇಲೆ ನಿಲ್ಲುತ್ತದೆ. ಇಬ್ಬರೂ ಒಂದೇ ಗಳಿಗೆಯಲ್ಲಿ ತೆಗೆದರೆ ಏನಾಗುತ್ತದೆ ಎಂಬಲ್ಲಿಗೆ ಅದೇ ಅಧ್ಯಾಯ ಮುಂದುವರಿಯುತ್ತದೆ. ಇಂದು ಯಾವುದೇ ಪಾವತಿ ಆ್ಯಪ್ ಬರೆಯುವವರಿಗೆ ನಿದ್ದೆಗೆಡಿಸುವ ಸಮಸ್ಯೆ ಇದೇ.

6.001ರ ಶ್ರೇಷ್ಠ ಭಾಗ ಇದೇ ಎನ್ನಬೇಕು. ತಡೆದು ಹೇಳಿದ್ದರಿಂದಲೇ ಬದಲಾವಣೆ ಅಲ್ಲಿ ಒಂದು ಘಟನೆಯಾಗುತ್ತದೆ. ಮೊದಲ ದಿನವೇ ಕೊಟ್ಟಿದ್ದರೆ ಅದಕ್ಕೊಂದು ಬೆಲೆಯಿದೆ ಎಂಬುದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ನಾಲ್ಕನೆಯ ಅಧ್ಯಾಯದಲ್ಲಿ ವಿದ್ಯಾರ್ಥಿ ಸ್ಕೀಮಿನಲ್ಲೇ ಸ್ಕೀಮಿನ ಇಂಟರ್‌ಪ್ರಿಟರ್ ಬರೆಯುತ್ತಾನೆ. ಐದನೆಯದರಲ್ಲಿ ರಿಜಿಸ್ಟರುಗಳ ಯಂತ್ರ, ಕೊನೆಗೆ ಕಂಪೈಲರ್. ಸಾಮಾನ್ಯ ಪಠ್ಯಕ್ರಮ ಯಂತ್ರದಿಂದ ಹೊರಟು ಮೇಲೇರುತ್ತದೆ; ಇದು ತುದಿಯಿಂದ ಹೊರಟು ಯಂತ್ರಕ್ಕೆ ಇಳಿಯಿತು. 1986ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಇಂಜಿನಿಯರುಗಳಿಗಾಗಿ ಏಬಲ್‌ಸನ್ ಮತ್ತು ಸಸ್ಮನ್ ಮಾಡಿದ ಪಾಠಗಳ ವಿಡಿಯೋಗಳನ್ನು ಇಂದಿಗೂ ಜನ ನೋಡುತ್ತಾರೆ. ಮೊದಲ ಪಾಠದಲ್ಲಿ ಏಬಲ್‌ಸನ್, ಈ ವಿದ್ಯೆಗೂ ಕಂಪ್ಯೂಟರೆಂಬ ಯಂತ್ರಕ್ಕೂ ಇರುವ ನಂಟು ರೇಖಾಗಣಿತಕ್ಕೂ ಈಜಿಪ್ಟಿನ ಭೂಮಾಪನ ಉಪಕರಣಗಳಿಗೂ ಇದ್ದ ನಂಟಿನಂಥದು ಎಂದು ವಾದಿಸುತ್ತಾರೆ. ಯಂತ್ರ ತಯಾರಿಸುವ ಕಂಪನಿಯ ನೌಕರರೆದುರು ಇದನ್ನು ಹೇಳಿದ್ದು ಧೈರ್ಯವೇ.

ಎರಡನೆಯ ಭಾಗಕ್ಕೆ ಬರೋಣ, ಬ್ರಿಟನ್ನಿನ ಆಕ್ಷೇಪಕ್ಕೆ.

ಅಲ್ಲಿ ಬೇರೊಂದು ಪರಂಪರೆ ಬೆಳೆದಿತ್ತು. ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಟರ್ನರ್ 1972ರಲ್ಲಿ ಪಾಠಕ್ಕಾಗಿಯೇ ಸ್ಯಾಸಲ್ ಎಂಬ ಭಾಷೆ ಮಾಡಿದರು. ಆಮೇಲೆ ಕೆಂಟ್‌ನಲ್ಲಿ ಕೆಆರ್‌ಸಿ, 1985ರಲ್ಲಿ ಮಿರಾಂಡಾ. ಎಡಿನ್‌ಬರದಲ್ಲಿ ರಾಬಿನ್ ಮಿಲ್ನರ್ ಅವರ ಗುಂಪು 1970ರ ದಶಕದಲ್ಲಿ ಪ್ರಮೇಯ ಸಾಧಿಸುವ ಸಾಫ್ಟ್‌ವೇರಿಗಾಗಿ ಎಂಎಲ್ ಭಾಷೆ ರೂಪಿಸಿತ್ತು. ಯಾವ ಹೆಸರು ಯಾವ ಬಗೆಯ ಬೆಲೆಯದೆಂದು ಬರೆಯದೇ ಬಿಟ್ಟರೂ ಅದು ತಾನೇ ಊಹಿಸಿ ತಪ್ಪು ಹಿಡಿಯುತ್ತಿತ್ತು. ಫೋರ್ಟ್ರಾನಿನ ಜನಕ ಜಾನ್ ಬ್ಯಾಕಸ್ 1977ರ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ, ಒಂದೊಂದೇ ಬೆಲೆಯನ್ನು ಎತ್ತಿ ಇಡುವ ತನ್ನದೇ ಸಂಪ್ರದಾಯದ ಶೈಲಿಯಿಂದ ಪ್ರೋಗ್ರಾಮಿಂಗ್ ಬಿಡುಗಡೆಯಾಗಬೇಕೆಂದು ವಾದಿಸಿದ್ದು ಈ ಮಂದಿಗೆಲ್ಲ ಬಲ ತಂದಿತ್ತು.

1987ರಲ್ಲಿ ಫಿಲಿಪ್ ವಾಡ್ಲರ್ ಸಿಕ್‌ಪಿ ಪುಸ್ತಕದ ಮೇಲೆ ಒಂದು ವಿಮರ್ಶೆ ಪ್ರಕಟಿಸಿದರು. ಪುಸ್ತಕದ ಗುರಿಗಳ ಬಗ್ಗೆ ಅವರಿಗೆ ತಕರಾರಿರಲಿಲ್ಲ, ಮೆಚ್ಚುಗೆಯೇ ಇತ್ತು. ತಕರಾರು ಸ್ಕೀಮಿನ ಮೇಲೆ. ಪಟ್ಟಿಯ ಮೊತ್ತವನ್ನು ಮಿರಾಂಡಾದಲ್ಲಿ ಎರಡು ಸಮೀಕರಣಗಳಲ್ಲಿ ಹೇಳಬಹುದು: ಖಾಲಿ ಪಟ್ಟಿಯ ಮೊತ್ತ ಸೊನ್ನೆ, ಇಲ್ಲವಾದರೆ ಮೊದಲನೆಯದು ಮತ್ತು ಉಳಿದವುಗಳ ಮೊತ್ತ, ಎರಡನ್ನೂ ಕೂಡು. ಗಣಿತದ ಪುಸ್ತಕದಲ್ಲಿ ಇರುವಂತೆಯೇ ಇದೆ. ಆ ಸಮೀಕರಣಗಳನ್ನೇ ಹಿಡಿದು ಅನುಗಮನದಿಂದ ಸಾಧನೆಯನ್ನೂ ಬರೆಯಬಹುದು. ಸ್ಕೀಮಿನಲ್ಲಿ ಅದೇ ವಿಷಯ ಷರತ್ತು, ಆವರಣ, ಭಾಗ ಕೀಳುವ ಕ್ರಿಯೆಗಳ ನಡುವೆ ಹೂತುಹೋಗುತ್ತದೆ. ಸ್ಕೀಮಿನಲ್ಲಿ ಪ್ರೋಗ್ರಾಂ ಓಡಿಸುವ ಮೊದಲೇ ಬಗೆಗಳನ್ನು ತಪಾಸಿಸುವ ವ್ಯವಸ್ಥೆ ಇಲ್ಲ. ಪ್ರೋಗ್ರಾಮೂ ದತ್ತಾಂಶವೂ ಒಂದೇ ಥರ ಕಾಣುವುದರಿಂದ ಹೊಸಬರು ಎರಡನ್ನೂ ಕಲಸಿಕೊಳ್ಳುತ್ತಾರೆ. ಸ್ಕೀಮಿನ ಅಭಿಮಾನಿಗಳು ಹೆಮ್ಮೆಪಡುತ್ತಿದ್ದ ಗುಣವನ್ನೇ ವಾಡ್ಲರ್ ತೊಡಕೆಂದು ಎಣಿಸಿದ್ದರು. ಮರುವರ್ಷ ರಿಚರ್ಡ್ ಬರ್ಡ್ ಜೊತೆ ಅವರು ಬರೆದ ಪಠ್ಯಪುಸ್ತಕ ಈ ಇನ್ನೊಂದು ಪಂಥದ ಬೋಧನೆಗೆ ಆಧಾರವಾಯಿತು. ಅದರಲ್ಲಿ ಅಸೈನ್‌ಮೆಂಟ್ ಮೂರನೆಯ ಅಧ್ಯಾಯಕ್ಕೂ ಇಲ್ಲ, ಹತ್ತನೆಯದಕ್ಕೂ ಇಲ್ಲ. ಭಾಷೆಯಲ್ಲೇ ಇಲ್ಲ.

ಅದೇ 1987ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪೋರ್ಟ್‌ಲಂಡ್ ನಗರದ ಸಮ್ಮೇಳನದಲ್ಲಿ ಸಂಶೋಧಕರು ಸೇರಿ, ಒಂದೇ ಜಾತಿಯ ಹತ್ತಾರು ಭಾಷೆಗಳ ಬದಲು ಎಲ್ಲರಿಗೂ ಮುಕ್ತವಾದ ಒಂದನ್ನು ಮಾಡಲು ನಿಶ್ಚಯಿಸಿದರು. ಮಿರಾಂಡಾವನ್ನೇ ತಳಹದಿಯಾಗಿ ಬಳಸಲು ಟರ್ನರ್ ಒಪ್ಪಲಿಲ್ಲ; ಅದು ಮಾರಾಟದ ಸರಕಾಗಿತ್ತು. ಹೀಗೆ ಹುಟ್ಟಿದ್ದು ಹ್ಯಾಸ್ಕೆಲ್. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿಯವರ ಹೆಸರಿನ ಈ ಭಾಷೆಯ ಮೊದಲ ವಿವರಣೆ 1990ರ ಏಪ್ರಿಲ್ 1ರಂದು ಹೊರಬಂತು.

ಆದರೆ ಪೂರ್ತಿ ಶುದ್ಧವಾದ ಭಾಷೆಗೆ ತನ್ನದೇ ಸಂಕಟವಿದೆ. ಪರದೆಯ ಮೇಲೆ ಒಂದು ಸಾಲು ಮೂಡಿಸುವುದೂ ಲೋಕದ ಬದಲಾವಣೆಯೇ. ಅದನ್ನು ಬದಲಾವಣೆಯಿಲ್ಲದ ಭಾಷೆಯಲ್ಲಿ ಹೇಳುವುದು ಹೇಗೆ? ಯುಜೀನಿಯೊ ಮೊಗ್ಗಿಯವರ ಸಿದ್ಧಾಂತವನ್ನು ಆಧರಿಸಿ ವಾಡ್ಲರ್ ಮತ್ತು ಸಂಗಡಿಗರು ಮೊನಾಡ್ ಎಂಬ ಉಪಾಯ ತಂದರು; 1990ರ ದಶಕದಲ್ಲಿ ಹ್ಯಾಸ್ಕೆಲ್ ಅದನ್ನೇ ಒಪ್ಪಿಕೊಂಡಿತು. ಉಪಾಯ ಸೊಗಸಾದದ್ದು, ಪಾಠಕ್ಕೆ ಮಾತ್ರ ತಲೆನೋವು. ಸಿ ಕಲಿಯುವವರು ಮೊದಲ ದಿನವೇ ಪರದೆಯ ಮೇಲೆ ನಮಸ್ಕಾರ ಮೂಡಿಸುತ್ತಾರೆ. ಗ್ರಹಾಂ ಹಟ್ಟನ್ ಅವರ 2007ರ ಹ್ಯಾಸ್ಕೆಲ್ ಪಠ್ಯಪುಸ್ತಕದಲ್ಲಿ ಬಳಕೆದಾರರೊಡನೆ ಮಾತಾಡುವ ಪ್ರೋಗ್ರಾಂ ಬರುವುದು ಒಂಬತ್ತನೆಯ ಅಧ್ಯಾಯಕ್ಕೆ. ಕಟ್ಟುನಿಟ್ಟಾದ ಈ ಪಂಥದ ಮೇಲೆ ಹೇಳಬಹುದಾದ ದೂರು ಇದೊಂದೇ: ತಾನು ಬರೆದದ್ದು ತನ್ನೊಡನೆ ಮಾತಾಡುವುದನ್ನು ನೋಡುವ ಸುಖವನ್ನು ಹೊಸಬನಿಂದ ಅಷ್ಟು ಕಾಲ ದೂರವಿಟ್ಟರೆ ಕೆಲವರು ದಾರಿಯಲ್ಲೇ ಉಳಿದುಬಿಡುತ್ತಾರೆ.

ಹ್ಯಾಸ್ಕೆಲ್ ಪರವಾಗಿ ಬಂದ ಅತ್ಯಂತ ಖಡಕ್ ದನಿ ಆ ಗುಂಪಿಗೆ ಸೇರದವರದು. 2001ರಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯ ಆರಂಭದ ಕೋರ್ಸಿನಲ್ಲಿ ಹ್ಯಾಸ್ಕೆಲ್ ತೆಗೆದು ಜಾವಾ ಹಾಕಲು ಹೊರಟಾಗ ಎಡ್ಸ್‌ಗರ್ ಡೈಕ್‌ಸ್ಟ್ರಾ ಬಜೆಟ್ ಕೌನ್ಸಿಲಿನ ಸದಸ್ಯರಿಗೆ ಪತ್ರ ಬರೆದರು. ಅವರ ವಾದದ ಸಾರ ಹೀಗೆ: ಹುಡುಗರು ಶಾಲೆಯಲ್ಲೇ ಹಳೆಯ ಶೈಲಿಯ ಪ್ರೋಗ್ರಾಮಿಂಗ್ ಸ್ವಲ್ಪ ಮುಟ್ಟಿ ಬಂದಿರುತ್ತಾರೆ, ಪ್ರೋಗ್ರಾಮಿಂಗ್ ಎಂದರೆ ಅಷ್ಟೇ ಅಲ್ಲ ಎಂದು ಮೊದಲ ದಿನವೇ ತೋರಿಸಲು ಫಂಕ್ಷನಲ್ ಶೈಲಿಯ ಅಚ್ಚರಿ ಬೇಕು. ಜಾವಾದ ಬಗ್ಗೆ ಅವರ ಮಾತು ಖಾರವಾಗಿಯೇ ಇತ್ತು. ಪತ್ರ ಫಲ ಕೊಡಲಿಲ್ಲ, ಜಾವಾ ಬಂತು. 2014ರಲ್ಲಿ ಎಂಟನೆಯ ಆವೃತ್ತಿಗೆ ಅದೇ ಜಾವಾ ಲ್ಯಾಂಬ್ಡಾವನ್ನು ಒಳಕ್ಕೆ ಕರೆದುಕೊಂಡಿತು. ಅದನ್ನು ನೋಡಲು ಡೈಕ್‌ಸ್ಟ್ರಾ ಇರಲಿಲ್ಲ, 2002ರಲ್ಲೇ ತೀರಿಕೊಂಡಿದ್ದರು.

ಮೂರನೆಯ ಭಾಗ ಚಿಕ್ಕದು. ಮ್ಯಾಥಿಯಾಸ್ ಫೆಲೈಸನ್ ಮತ್ತು ಅವರ ಶಿಷ್ಯರ ಗುಂಪು ಸಿಕ್‌ಪಿಯನ್ನು ಬೇರೆ ಕಡೆಯಿಂದ ಪ್ರಶ್ನಿಸಿತು. ಪುಸ್ತಕದ ಉದಾಹರಣೆಗಳು ಕ್ಯಾಲ್ಕುಲಸ್ ಮತ್ತು ಸರ್ಕಿಟ್ ಬಲ್ಲವರಿಗೆ ಮಾಡಿದವು. ಎಂಐಟಿಯಲ್ಲಿ ಅದು ನಡೆದೀತು. ಉಳಿದ ಕಡೆ ವಿದ್ಯಾರ್ಥಿ ಪ್ರೋಗ್ರಾಮಿಗಿಂತ ಮೊದಲು ಉದಾಹರಣೆಯಲ್ಲೇ ಮುಗ್ಗರಿಸುತ್ತಾನೆ. ಖಾಲಿ ಪುಟದೆದುರು ಕೂತವನಿಗೆ ಎಲ್ಲಿಂದ ಶುರುಮಾಡಬೇಕೆಂದು ಆ ಪುಸ್ತಕ ಹೇಳುವುದಿಲ್ಲ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. 2001ರಲ್ಲಿ ಫೆಲೈಸನ್, ಫಿಂಡ್ಲರ್, ಫ್ಲಾಟ್ ಮತ್ತು ಶ್ರೀರಾಮ್ ಕೃಷ್ಣಮೂರ್ತಿ ಬರೆದ ಪುಸ್ತಕ ಇದಕ್ಕೊಂದು ಹಂತಹಂತದ ವಿಧಾನ ಕೊಟ್ಟಿತು. ದತ್ತಾಂಶದ ರೂಪ ಬರೆ, ಫಂಕ್ಷನ್ ಏನು ತೆಗೆದುಕೊಂಡು ಏನು ಕೊಡುತ್ತದೆ ಬರೆ, ಉದಾಹರಣೆ ಬರೆ, ಆಮೇಲೆ ಕೋಡು, ಕೊನೆಗೆ ಪರೀಕ್ಷೆ.

ಈ ಗುಂಪಿನ ನಿಜವಾದ ಚತುರತೆ ಇರುವುದು ಭಾಷೆಯನ್ನೇ ಮೆಟ್ಟಿಲುಗಳಾಗಿ ಕತ್ತರಿಸಿದ್ದರಲ್ಲಿ. ಹೊಸಬರಿಗೆ ಒಂದು, ಅದರ ಮೇಲೆ ಮಧ್ಯಮ ಮಟ್ಟದ್ದು, ಮೇಲೆ ಮುಂದುವರಿದದ್ದು. ಕೆಳಗಿನ ಮೆಟ್ಟಿಲಿನಲ್ಲಿ ನಿಂತವನು ಅಸೈನ್‌ಮೆಂಟ್ ಬರೆಯಹೊರಟರೆ ಅದು ನಿನ್ನ ಭಾಷೆಯಲ್ಲಿಲ್ಲ ಎಂದು ಯಂತ್ರವೇ ತಡೆಯುತ್ತದೆ. ತಪ್ಪಿನ ಸಂದೇಶವೂ ಅವನು ಕಲಿತಿರುವ ಮಟ್ಟದ ಮಾತಿನಲ್ಲೇ ಬರುತ್ತದೆ. ಅಧ್ಯಾಪಕ ಇದುವರೆಗೆ ಬಾಯಿಮಾತಿನಲ್ಲಿ ತಡೆಯುತ್ತಿದ್ದುದನ್ನು ಈಗ ಸಾಫ್ಟ್‌ವೇರ್ ತಡೆಯಿತು. ಅವರ ಪುಸ್ತಕದ ಮೊದಲ ಆವೃತ್ತಿಯ ಕೊನೆಯ ಭಾಗಗಳಲ್ಲಿ ಅಸೈನ್‌ಮೆಂಟಿಗೆ ಜಾಗವಿತ್ತು. 2018ರ ಎರಡನೆಯ ಆವೃತ್ತಿ ಅದನ್ನೂ ಕೈಬಿಟ್ಟಿತು.

ಇನ್ನು ಕೊನೆಯ ಭಾಗ. 2007ರ ಸುಮಾರಿಗೆ ಎಂಐಟಿ 6.001ಕ್ಕೆ ವಿದಾಯ ಹೇಳಿತು. ಆ ಜಾಗಕ್ಕೆ ಬಂದ 6.01ರಲ್ಲಿ ಪೈಥಾನ್, ಜೊತೆಗೆ ಚಕ್ರಗಳ ಮೇಲೆ ಓಡಾಡುವ ರೋಬೋ. ಕಾರಣ ಕೇಳಿದವರಿಗೆ ಸಸ್ಮನ್ ಕೊಟ್ಟ ವಿವರಣೆ ಗಂಭೀರವಾದದ್ದು. 1980ರಲ್ಲಿ ಇಂಜಿನಿಯರ್ ತಾನು ಪೂರ್ತಿ ಅರಿತ ಸಣ್ಣ ಸಣ್ಣ ಬಿಡಿಭಾಗಗಳಿಂದ ದೊಡ್ಡದನ್ನು ಕಟ್ಟುತ್ತಿದ್ದ. ಈಗ ಬೇರೆಯವರು ಬರೆದ ದೊಡ್ಡ ಲೈಬ್ರರಿಗಳಿವೆ; ಒಳಗೆ ಏನಿದೆಯೆಂದು ಪೂರ್ತಿ ತಿಳಿಯುವಂತಿಲ್ಲ. ಹಾಗಾಗಿ ತಟ್ಟಿ ನೋಡಿ, ಪ್ರಯೋಗ ಮಾಡಿ, ಅದು ಹೇಗೆ ನಡೆದುಕೊಳ್ಳುತ್ತದೆಂದು ಕಂಡುಕೊಳ್ಳಬೇಕು. ಪೈಥಾನ್ ಆರಿಸಿದ್ದು ರೋಬೋ ಓಡಿಸುವ ಲೈಬ್ರರಿ ಅದರಲ್ಲಿ ಸಿದ್ಧವಿದ್ದ ಕಾರಣಕ್ಕೆ.

ಉಪನ್ಯಾಸದ ಪ್ರಶ್ನೆಯ ಕಡೆಯಿಂದ ನೋಡಿದರೆ ಇಲ್ಲಿ ಇನ್ನೂ ಒಂದು ಸಂಗತಿಯಿದೆ. ರೋಬೋ ಒಂದಡಿ ಮುಂದೆ ಹೋದರೆ ಲೋಕ ಬದಲಾಗಿದೆ. ಗೋಡೆಗೆ ಗುದ್ದಿದ ಮೇಲೆ ಹಿಂದಿನ ಸ್ಥಿತಿಯಿಂದ ಲೆಕ್ಕ ಹಾಕಿ ಪ್ರಯೋಜನವಿಲ್ಲ. ಅಂಥ ಪಾಠದಲ್ಲಿ ಬದಲಾವಣೆಯನ್ನು ಇನ್ನೂರು ಪುಟ ಮುಂದೂಡುವುದು ಸಾಧ್ಯವೇ ಇಲ್ಲ. ಸಸ್ಮನ್ ಅವರ ರೋಗನಿದಾನ ಸರಿಯಿರಬಹುದು. ಅದರಿಂದ ಕೋರ್ಸು ಮುಚ್ಚಬೇಕೆಂಬ ನಿರ್ಣಯ ತಾನಾಗಿ ಹೊರಡುವುದಿಲ್ಲ ಎಂದು ವಾದಿಸಲೂ ಜಾಗವಿದೆ. ಒಳಗು ಕಾಣದ ಲೈಬ್ರರಿಗಳ ಕಾಲದಲ್ಲೇ ಒಳಗು ಪೂರ್ತಿ ಕಾಣುವ ಒಂದಾದರೂ ವಸ್ತುವನ್ನು ವಿದ್ಯಾರ್ಥಿ ಕಟ್ಟಿರಬೇಕಾದದ್ದು. ಎಂಐಟಿಯ ವಿದ್ಯಾರ್ಥಿಗಳಿಗೂ ಹಾಗನ್ನಿಸಿರಬೇಕು. ಜನವರಿಯ ಬಿಡುವಿನ ಅವಧಿಯಲ್ಲಿ ಹಳೆಯ ಪಾಠವನ್ನು ಅವರು ತಾವೇ ನಡೆಸಿದರು. ಅದಕ್ಕಿಟ್ಟ ಹೆಸರು, ಕೆಫೀನ್ ತುಂಬಿದ 6.001 ಕುಡಿಯುವ ಜೊಂಬಿಗಳು.

ಹೊರಗೆ ಕೋರ್ಸು ಬೇರೆ ಬೇರೆ ಉಡುಪಿನಲ್ಲಿ ಉಳಿಯಿತು. ಬರ್ಕ್ಲಿಯಲ್ಲಿ ಬ್ರಯನ್ ಹಾರ್ವಿ ಸಿಕ್‌ಪಿ ಇಟ್ಟುಕೊಂಡು ವರ್ಷಾನುಗಟ್ಟಲೆ ಕಲಿಸಿದ್ದ 61ಎ ಎಂಬ ಕೋರ್ಸು ಜಾನ್ ಡಿನೀರೊ ಕೈಯಲ್ಲಿ ಪೈಥಾನಿಗೆ ಬದಲಾಯಿತು. ಫಂಕ್ಷನ್ ಮೊದಲು, ಬದಲಾಗುವ ದತ್ತಾಂಶ ಆಮೇಲೆ ಎಂಬ ಕ್ರಮ ಮಾತ್ರ ಹಾಗೇ ಇದೆ. ಇನ್ನೂ ಸ್ವಾರಸ್ಯದ ಪ್ರಕರಣ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ್ದು. ಸ್ಕೀಮಿನಲ್ಲಿ ನಡೆಯುತ್ತಿದ್ದ ಕೋರ್ಸನ್ನು ಅವರು 2012ರಲ್ಲಿ ಜಾವಾಸ್ಕ್ರಿಪ್ಟಿಗೆ ತಿರುಗಿಸಿದರು. ಮಾರ್ಟಿನ್ ಹೆನ್ಜ್ ಮತ್ತು ಟೋಬಿಯಾಸ್ ರಿಗ್‌ಸ್ಟಾಡ್ ಇಡೀ ಸಿಕ್‌ಪಿಯನ್ನು ಹಾಗೆ ಅಳವಡಿಸಿದ ಪುಸ್ತಕ 2022ರಲ್ಲಿ ಬಂತು. ಫೆಲೈಸನ್ ಗುಂಪಿನಂತೆ ಇವರೂ ಭಾಷೆಯನ್ನು ಕತ್ತರಿಸಿದ್ದಾರೆ, ನಾಲ್ಕು ಹಂತಗಳಾಗಿ. ಮೊದಲ ಹಂತದಲ್ಲಿ ಫಂಕ್ಷನ್, ಎರಡರಲ್ಲಿ ಪಟ್ಟಿ, ಮೂರನೆಯದರಲ್ಲಿ ಅಸೈನ್‌ಮೆಂಟು, ಲೂಪು. ಜಾವಾಸ್ಕ್ರಿಪ್ಟಿನ ಹುಟ್ಟಿನಲ್ಲೇ ಇದಕ್ಕೊಂದು ಹಿನ್ನೆಲೆಯಿದೆ. 1995ರಲ್ಲಿ ಬ್ರೆಂಡನ್ ಐಕ್ ನೆಟ್‌ಸ್ಕೇಪ್ ಕಂಪನಿಗೆ ಸೇರಿದ್ದು ಬ್ರೌಸರಿನೊಳಗೆ ಸ್ಕೀಮ್ ಇಡುವ ಕೆಲಸವೆಂದು ನಂಬಿಕೊಂಡು. ಜಾವಾದಂತೆ ಕಾಣಬೇಕೆಂಬ ಆಡಳಿತದ ಆಜ್ಞೆಯಿಂದಾಗಿ ಹೊರಗಿನ ವೇಷ ಬೇರೆಯಾಯಿತು. ಫಂಕ್ಷನನ್ನು ಬೆಲೆಯಂತೆ ಕೈಬದಲಿಸುವ ಗುಣ ಒಳಗೆ ಉಳಿದುಬಿಟ್ಟಿತು.

ನಮ್ಮ ಸುತ್ತಲಿನ ಸಂಗತಿ ಒಂದೆರಡು. ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್ ತನ್ನ ಬಿಎಸ್ಸಿ ವಿದ್ಯಾರ್ಥಿಗಳಿಗೆ ಮೊದಲ ಪ್ರೋಗ್ರಾಮಿಂಗ್ ಪಾಠವನ್ನು ಹ್ಯಾಸ್ಕೆಲ್‌ನಲ್ಲೇ ಕಲಿಸುತ್ತ ಬಂದಿದೆ. ಅಲ್ಲಿನ ಮಾಧವನ್ ಮುಕುಂದ್ ಮತ್ತು ಎಸ್. ಪಿ. ಸುರೇಶ್ ಅವರ ಹ್ಯಾಸ್ಕೆಲ್ ಪಾಠಗಳು ಎನ್‌ಪಿಟಿಇಎಲ್ ಮೂಲಕ ದೇಶದ ಯಾವ ಮೂಲೆಯಲ್ಲಿ ಕೂತವರಿಗೂ ಸಿಗುತ್ತವೆ. ಬೆಂಗಳೂರಿನ ಮಟ್ಟಿಗೆ, ಆಟೋ ಕರೆಯುವ ನಮ್ಮ ಯಾತ್ರಿ ಆ್ಯಪಿನ ಸರ್ವರ್ ಕಡೆಯ ಕೋಡು ಹ್ಯಾಸ್ಕೆಲ್‌ನಲ್ಲಿದೆ. 2022ರಲ್ಲಿ ಅದನ್ನು ಹೊರತಂದ ಜಸ್‌ಪೇ ಕಂಪನಿ ಪಾವತಿ ವ್ಯವಹಾರದ್ದು, ಹ್ಯಾಸ್ಕೆಲ್ ಬಳಕೆಗೆ ಹೆಸರಾದದ್ದು. ಕೋಡು ಬಹಿರಂಗವಾಗಿಯೇ ಇದೆ, ಬೇಕಾದವರು ತೆರೆದು ಓದಬಹುದು. ದುಡ್ಡಿನ ಲೆಕ್ಕ, ಒಂದೇ ಗಳಿಗೆಯಲ್ಲಿ ಬರುವ ಸಾವಿರಾರು ಕೋರಿಕೆ. ಪೀಟರ್ ಮತ್ತು ಪಾಲರ ಜಂಟಿ ಖಾತೆಯ ತೊಂದರೆ ದಿನದಿನವೂ ಎದುರಾಗುವ ಜಾಗ ಇದು.

ಇಲ್ಲಿನ ಕಾಲೇಜುಗಳು ಇದರಿಂದ ಏನಾದರೂ ತೆಗೆದುಕೊಳ್ಳಬಹುದೇ ಎಂದು ಅಧ್ಯಾಪಕರು ಕೇಳಿದರೆ, ಭಾಷೆ ಬದಲಿಸುವ ಮಾತನ್ನು ಸದ್ಯಕ್ಕೆ ಬಿಡಬಹುದು. ಪಠ್ಯಕ್ರಮ ಸಮಿತಿ, ಪುಸ್ತಕ, ಲ್ಯಾಬ್ ಮ್ಯಾನ್ಯುಯಲ್, ಎಲ್ಲವನ್ನೂ ಅಲುಗಿಸಬೇಕಾಗುತ್ತದೆ. ಪೈಥಾನ್ ಕಲಿಸುವ ಕಡೆ ಮೊದಲ ಮೂರು ನಾಲ್ಕು ವಾರ, ಒಮ್ಮೆ ಕೊಟ್ಟ ಹೆಸರಿಗೆ ಎರಡನೆಯ ಬೆಲೆ ಕೊಡಕೂಡದು ಎಂಬ ಒಂದು ಕಟ್ಟಳೆ ಸಾಕು. ಲೂಪ್ ಬೇಡ, ಫಂಕ್ಷನ್ ತನ್ನನ್ನೇ ಕರೆದುಕೊಳ್ಳಲಿ. ಮೊತ್ತ, ಗುಣಲಬ್ಧ, ಪಟ್ಟಿಯಿಂದ ಸಮಸಂಖ್ಯೆ ಆರಿಸುವುದು, ಎರಡು ವಿಂಗಡಿಸಿದ ಪಟ್ಟಿಗಳನ್ನು ಬೆರೆಸುವುದು, ಎಲ್ಲಕ್ಕೂ ಇಷ್ಟೇ ಸಾಕಾಗುತ್ತದೆ. ಸೆಟ್ಟಿಂಗ್ ಬದಲಿಸದಿದ್ದರೆ ಪೈಥಾನ್ ಸುಮಾರು ಸಾವಿರ ಸಲಕ್ಕಿಂತ ಆಳಕ್ಕೆ ಹೀಗೆ ಇಳಿಯಲು ಬಿಡುವುದಿಲ್ಲ ಎಂಬ ಮಿತಿಯಿದೆ; ಆರಂಭದ ಲೆಕ್ಕಗಳಿಗೆ ಅದು ಅಡ್ಡಿಯಾಗದು. ಐದನೆಯ ವಾರ ಬ್ಯಾಂಕ್ ಖಾತೆ ತಂದು ಕಟ್ಟಳೆ ಸಡಿಲಿಸಬಹುದು.

ತೊಡಕಿರುವುದು ಬೇರೆ ಕಡೆ. ಮೊದಲ ಆಂತರಿಕ ಪರೀಕ್ಷೆ ಸಾಮಾನ್ಯವಾಗಿ ಐದಾರನೆಯ ವಾರಕ್ಕೆ ಬರುತ್ತದೆ, ಅದರ ಪ್ರಶ್ನೆಪತ್ರಿಕೆಯಲ್ಲಿ ಲೂಪಿನ ಮೇಲೆ ಹತ್ತು ಅಂಕದ ಪ್ರಶ್ನೆ ಕಾದಿರುತ್ತದೆ. ಸ್ವಾಯತ್ತ ಕಾಲೇಜುಗಳಲ್ಲಿ ಆ ಪ್ರಶ್ನೆಯನ್ನು ಎರಡನೆಯ ಪರೀಕ್ಷೆಗೆ ತಳ್ಳುವ ಅಧಿಕಾರ ವಿಭಾಗದ ಕೈಯಲ್ಲೇ ಇದೆ. ಅದನ್ನು ಬಳಸಿ ಒಂದು ಸೆಮಿಸ್ಟರ್ ನಡೆಸಿ ನೋಡುವವರು ಈ ಸಭೆಯಲ್ಲೇ ಇರಬಹುದು. ಉಪನ್ಯಾಸದ ನಂತರದ ಚರ್ಚೆಯಲ್ಲಿ ಅವರ ಮಾತು ಕೇಳಲು ಸಮಯ ಇಟ್ಟುಕೊಳ್ಳಲಾಗಿದೆ.